ಆಣೆ ಹಾಕಿಸುತ್ತಿದ್ದ ಮುರಳೀಧರ ರಾಯರು

ಮುರಳೀಧರ ರಾಯರಿಗೆ ಮದರಾಸಿನ ಕರಾವಳಿ ಜನರ ನಡುವೆ ಎರಡು ಹೆಸರಿದ್ದವು. ಪುರಸವಾಕ್ಕಂನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತೊಂದು ವರ್ಷ ಕೂತಿದ್ದರಿಂದ ಗಲ್ಲಾ ರಾಯರು ಎನ್ನುವುದು ಒಂದು. ಮನೆ ಜೋಡಿಸುವ ಮಾವ ಎನ್ನುವುದು ಇನ್ನೊಂದು. ಮೊದಲನೆಯ ಹೆಸರು ಅವರು ಕೆಲಸ ಬಿಟ್ಟ ದಿನವೇ ಉದುರಿತು. ಎರಡನೆಯದನ್ನು ಮಾತ್ರ ಅರವತ್ತೆಂಟು ತುಂಬುವ ತನಕ, ಮಡಿಪಂಚೆಯ ಹಾಗೆ, ಯಾರೂ ಮುಟ್ಟದಂತೆ ಕಾಪಾಡಿಕೊಂಡು ಬಂದಿದ್ದರು. ಅದು ಹೇಗೆ ಹೋಯಿತೆಂದು ಕೇಳಿದರೆ ಈಗ ಅವರೇ ಹೇಳುತ್ತಾರೆ. ಹೇಳುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ, ಅಷ್ಟೆ.

ಸೌಕಾರ್‌ಪೇಟೆಯ ಒಂದು ಇಕ್ಕಟ್ಟು ಓಣಿಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯಲ್ಲಿ, ಕರಾವಳಿಯವರ ಭಜನಾ ಮಂದಿರವಿದೆ. ಬ್ರಹ್ಮಾವರ, ಕುಂದಾಪುರ, ಕಾರ್ಕಳದ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದು ಇಲ್ಲೇ ಬೇರುಬಿಟ್ಟ ಮನೆಗಳವರು ಶನಿವಾರ ಸಂಜೆ ಅಲ್ಲಿ ಸೇರುತ್ತಾರೆ. ಗೋಪಾಲಕೃಷ್ಣನ ಪಟಕ್ಕೆ ಹೂವು, ಒಂದು ಗಂಟೆ ಭಜನೆ, ಮಂಗಳಾರತಿ, ತೀರ್ಥ, ಅವಲಕ್ಕಿ ಪ್ರಸಾದ. ಊರಾದರೆ ಹಿರಿಯರಿರುತ್ತಾರೆ, ನೆರೆಕರೆಯಿರುತ್ತದೆ. ಇಲ್ಲಿ ಗಂಡ ಹೆಂಡಿರ ನಡುವೆ ಏನಾದರೂ ಆದರೆ ಯಾರ ಹತ್ತಿರ ಹೋಗುವುದು? ಭಾಷೆ ಅರ್ಥವಾಗುವ ಜಾಗ ಅದೊಂದೇ, ಆ ಜಾಗದಲ್ಲಿ ಮಂಗಳಾರತಿ ಎತ್ತುತ್ತಿದ್ದವರು ಮುರಳೀಧರ ರಾಯರು. ಹೊಡೆಸಿಕೊಂಡು ಬಂದ ಹೆಂಗಸರು ಅವರ ಹತ್ತಿರವೇ ಬರುತ್ತಿದ್ದರು.

ಅವರದೊಂದು ಕ್ರಮವಿತ್ತು. ಗಂಡ ಹೆಂಡತಿ ಇಬ್ಬರನ್ನೂ ದೇವರೆದುರು ನಿಲ್ಲಿಸುವುದು. ಗಂಡನ ಅಂಗೈಗೆ ತುಳಸಿ, ತೀರ್ಥ ಹಾಕಿ, 'ಇನ್ನು ಕೈ ಎತ್ತುವುದಿಲ್ಲ' ಎಂದು ಆಣೆ ಹಾಕಿಸುವುದು. ಅದು ಸರಿ, ಒಪ್ಪೋಣ. ಆದರೆ ಅಲ್ಲಿಗೆ ನಿಲ್ಲಿಸಿದರೆ ರಾಯರು ರಾಯರಾಗುತ್ತಿದ್ದರೇ? ಹೆಂಡತಿಯ ಅಂಗೈಗೂ ತುಳಸಿ ಹಾಕುತ್ತಿದ್ದರು. 'ಮನೆಯ ಮಾತನ್ನು ಇನ್ನು ಹೊಸಿಲು ದಾಟಿಸುವುದಿಲ್ಲ' ಎಂದು ಅವಳಿಂದಲೂ ಹೇಳಿಸುತ್ತಿದ್ದರು. "ಒಂದೇ ಕೈಯಲ್ಲಿ ಚಪ್ಪಾಳೆ ಆಗ್ತದಾ ಮಾರಾಯ್ರೆ?" ಎನ್ನುವುದು ಅವರ ನ್ಯಾಯ. ಕೆನ್ನೆಗೆ ಬಾರಿಸಲು ಒಂದೇ ಕೈ ಸಾಕು ಎಂಬುದು ಅಷ್ಟು ತಿಳಿದವರ ತಲೆಗೆ ಹೊಳೆದಿರಲಿಲ್ಲ.

ಆಣೆ ಎಂದರೆ ಕರಾವಳಿಯವರಿಗೆ ಹುಡುಗಾಟವಲ್ಲ. ಹಾಕಿದ ಆಣೆ ಮುರಿದರೆ ಸಂತಾನಕ್ಕೆ ತಟ್ಟುತ್ತದೆ ಎಂದು ನಂಬಿದ ಜನ. ಬೇಡವೆನಿಸಿದರೆ ಸುಮ್ಮನೆ ಬಿಟ್ಟುಬಿಡುವ ಹಾಗೂ ಇಲ್ಲ. ಅದೇ ದೇವರ ಎದುರು, ಆಣೆ ಹಾಕಿಸಿದವರ ಬಾಯಿಂದಲೇ, ತಪ್ಪು ಕಾಣಿಕೆ ಇಟ್ಟು ಬಿಡಿಸಿಕೊಳ್ಳಬೇಕು. ಹೀಗೆ ಇಪ್ಪತ್ತಮೂರು ಮನೆಗಳನ್ನು ಜೋಡಿಸಿದ್ದೇನೆ ಎಂದು ರಾಯರು ಎದೆಯುಬ್ಬಿಸಿ ಹೇಳುತ್ತಿದ್ದರು. ವಾರ್ಷಿಕೋತ್ಸವದಲ್ಲಿ ಅದಕ್ಕೆಂದೇ ಒಂದು ಶಾಲು ಹೊದಿಸಿಯೂ ಆಗಿತ್ತು.

ಈ ಬುದ್ಧಿ ಅವರಿಗೆ ಎಲ್ಲಿಂದ ಬಂತೆಂದರೆ, ಅಮ್ಮನಿಂದ. ಬ್ರಹ್ಮಾವರದ ಮನೆಯಲ್ಲಿ ಅಪ್ಪ ಹೊಡೆಯುತ್ತಿದ್ದರು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಲೆ ಮುಂದೆ ಕೂರುತ್ತಿದ್ದಳು. ಹೊರಗೆ ಯಾರಿಗೂ ಒಂದು ಮಾತು ಹೇಳಲಿಲ್ಲ, ಅದಕ್ಕೇ ಮನೆ ಒಡೆಯಲಿಲ್ಲ, ಆರು ಮಕ್ಕಳು ದಡ ಸೇರಿದೆವು ಎಂದು ರಾಯರು ನಂಬಿದ್ದರು. ಎಷ್ಟೋ ಹೆಂಗಸರಿಗೆ ಈ ಅಮ್ಮನ ಕಥೆಯನ್ನೇ ಹೇಳಿ ಮನೆಗೆ ಕಳಿಸಿದ್ದರು.

ಹೋದ ವರ್ಷ ವೀಕ್ಷಾ ಒಂದು ಮಾತು ಎತ್ತಿದ್ದಳು. ವೀಕ್ಷಾ ಈ ಭಜನಾ ಮಂಡಳಿಯಲ್ಲೇ ಆಡಿ ಬೆಳೆದ ಹುಡುಗಿ. ಈಗ ಕೀಲ್ಪಾಕಿನ ಆಸ್ಪತ್ರೆಯೊಂದರಲ್ಲಿ ಕೌನ್ಸೆಲರ್. ಶನಿವಾರ ಭಜನೆಗೆ ಮುಂಚೆ ಒಂದು ಗಂಟೆ ಪಕ್ಕದ ಕೋಣೆಯಲ್ಲಿ ತಾನು ಕೂರುತ್ತೇನೆ, ಕಷ್ಟ ಇದ್ದವರು ಬಂದು ಮಾತಾಡಲಿ, ಗೋಡೆಗೆ ಸಹಾಯವಾಣಿಯ ನಂಬರ್ ಅಂಟಿಸೋಣ ಎಂದಳು. ಇನ್ನೂ ಒಂದು ಹೇಳಿದಳು: "ಮಾವ, ಚರ್ಚಿನವರು ಮಾಡ್ತಾರೆ, ಗುರುದ್ವಾರದವರು ಮಾಡ್ತಾರೆ. ದೇವರ ಹೆಸರಲ್ಲಿ ಜನ ಸೇರುವ ಜಾಗದಲ್ಲೇ ಹೆಂಗಸರು ಮೊದಲು ಬಾಯಿ ಬಿಡೋದು. ನಾವೂ ಸ್ಟಾರ್ಟ್ ಮಾಡುವ."

ರಾಯರು ನಕ್ಕುಬಿಟ್ಟರು. "ದೇವರ ಪಟದ ಪಕ್ಕದಲ್ಲಿ ಪೊಲೀಸ್ ನಂಬರಾ? ಬೇಡ ಮಗಾ. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ. ಇದ್ದದ್ದನ್ನು ನಾನು ಸರಿ ಮಾಡಿದ್ದೇನೆ." ಹೀಗೆಂದು ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ತುಂಗಾಳ ಕಡೆ ಕೈ ತೋರಿಸಿದರು. "ಅವಳನ್ನೇ ಕೇಳು."

ತುಂಗಾ ತಲೆ ಎತ್ತಲಿಲ್ಲ. ಅವಳು ಯಾವಾಗಲೂ ಹಾಗೇ. ಏಳು ವರ್ಷದ ಹಿಂದೆ, ಮೂರು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಊದಿದ ಕೆನ್ನೆಯಲ್ಲಿ ಮಂದಿರಕ್ಕೆ ಬಂದಿದ್ದಳು. ಗಂಡ ರೂಪೇಶ್ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಮಂಡಳಿಯ ಹಾರ್ಮೋನಿಯಂ ಅವನದೇ, ಕಂಠವೂ ಅವನದೇ. ಅವನು ಹಾಡಿದರೆ ರಾಯರ ಕಣ್ಣಲ್ಲಿ ನೀರು. ಇಂಥ ಗಂಟಲಿರುವವನು ಹೊಡೆಯುತ್ತಾನೆ ಎಂದರೆ ಏನೋ ಕೆಟ್ಟ ಗಳಿಗೆಯೇ ಇರಬೇಕು ಎಂದುಕೊಂಡು ಇಬ್ಬರಿಗೂ ಆಣೆ ಹಾಕಿಸಿ, ತೀರ್ಥ ಕೊಟ್ಟು, ಪ್ರಸಾದದ ಪೊಟ್ಟಣದ ಜೊತೆ ಕಳಿಸಿದ್ದರು. ತುಂಗಾ ಆಣೆ ಹಾಕುವಾಗ ಸ್ವಲ್ಪ ತಡಮಾಡಿದಳು ಎಂದು ನೆನಪು. ಉಳಿದದ್ದು ಅವರಿಗೆ ನೆನಪಿರಲಿಲ್ಲ. ಆಮೇಲೆ ಅವಳು ದೂರು ಹಿಡಿದು ಬಂದದ್ದೇ ಇಲ್ಲ. "ನೋಡಿ, ಬಾಯಿ ಹಿಡಿತದಲ್ಲಿದ್ರೆ ಮನೆ ಉಳೀತದೆ," ಎಂದು ಹೊಸದಾಗಿ ಬಂದ ಹೆಂಗಸರಿಗೆ ರಾಯರು ಅವಳನ್ನೇ ತೋರಿಸುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ರಾಯರು ತಿಂಡಿ ಮುಗಿಸಿ ಪೇಪರ್ ಬಿಡಿಸುತ್ತಿದ್ದಾಗ ವೀಕ್ಷಾಳ ಫೋನ್ ಬಂತು.

"ಮಾವ, ತುಂಗಕ್ಕ ನಮ್ಮ ಆಸ್ಪತ್ರೆಯಲ್ಲಿ ಇದ್ದಾರೆ. ಮೊನ್ನೆಯಿಂದ. ಕೈ ಮುರಿದಿದೆ, ಪಕ್ಕೆಲುಬು ಕ್ರ್ಯಾಕ್ ಆಗಿದೆ. ಬಾತ್‌ರೂಮ್‌ನಲ್ಲಿ ಬಿದ್ದೆ ಅಂತಾರೆ. ಡಾಕ್ಟರ್ ನಂಬೋದಿಲ್ಲ. ನಿನ್ನೆ ಮಹಿಳಾ ಠಾಣೆಯಿಂದ ಬಂದು ಕೇಳಿದ್ರು, ಅವರಿಗೂ ಬಿದ್ದೆ ಅಂತಲೇ ಹೇಳಿದ್ದು. ಇವತ್ತು ನಾಲ್ಕು ಗಂಟೆಗೆ ಡಿಸ್ಚಾರ್ಜ್. ಹೀಗೇ ಬಿಟ್ಟರೆ ರೂಪೇಶ್ ಬಂದು ಕರ್ಕೊಂಡು ಹೋಗ್ತಾನೆ."

"ನಾನೆಂತ ಮಾಡ್ಲಿ ಮಗಾ?"

"ನಂಗೊತ್ತಿಲ್ಲ. ನಿಮ್ಮನ್ನು ಕರೆಸು ಅಂತಾರೆ. ನಿಮ್ಮನ್ನು ಮಾತ್ರ."

ಹೇಳಲು ನಾಚಿಕೆಯಾಗಬೇಕು, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ: ಆ ಕ್ಷಣ ರಾಯರಿಗೆ ಒಳಗೊಳಗೇ ಹೆಮ್ಮೆಯಾಯಿತು. ಕಷ್ಟ ಬಂದಾಗ ಜನಕ್ಕೆ ತಾನೇ ನೆನಪಾಗುವುದು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಟೋ ಹತ್ತಿದರು.

ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ತುಂಗಾ ಒರಗಿ ಕೂತಿದ್ದಳು. ಎಡಗೈಗೆ ಮೊಣಕೈವರೆಗೆ ಪ್ಲಾಸ್ಟರ್. ಕತ್ತಿನ ಒಂದು ಪಕ್ಕದಲ್ಲಿ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿ ನಿಂತಿತ್ತು. ಬಾತ್‌ರೂಮಿಗೆ ಬೆರಳಿರುವುದಿಲ್ಲ ಎಂದು ಕುರುಡನಿಗೂ ತಿಳಿಯುತ್ತಿತ್ತು. ರಾಯರ ಕಣ್ಣಿಗೂ ಅದು ಬಿತ್ತು. ಬಿದ್ದರೂ ಬಾಯಿಂದ ಹೊರಟದ್ದು ಇಷ್ಟು:

"ಎಂತ ಮಾಡಿಕೊಂಡೆ ತುಂಗಾ? ನೆಲ ನೋಡಿ ನಡೀಬೇಕಲ್ವಾ?"

ಮಂಚದ ಆ ಕಡೆ ಕೂತಿದ್ದ ತೃಷಾ ತಟ್ಟನೆ ತಲೆ ಎತ್ತಿದಳು. ಸೊಂಟದ ಮೇಲೆ ಬಂದ ಮಗು ಈಗ ಹತ್ತು ವರ್ಷದವಳು. ಮನೆಯ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. "ತಾತಾ, ಅಮ್ಮಾ ವಿಳಲೈ," ಎಂದಳು. "ಅಪ್ಪಾ ಅಡಿಚ್ಚಾರು. ನಾನ್ ಪಾತ್ತೇನ್." ಅಮ್ಮ ಬಿದ್ದಿಲ್ಲ, ಅಪ್ಪ ಹೊಡೆದದ್ದು, ನಾನು ನೋಡಿದೆ. ಮಗು ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಹೇಳಿತು. ತುಂಗಾ ಅದರ ಬಾಯಿಗೆ ಕೈ ಅಡ್ಡ ಇಟ್ಟಳು.

"ನೀನು ಹೇಳಬೇಡ. ಮಾವ, ಕೂತ್ಕೊಳ್ಳಿ. ಒಂದು ಕೇಳ್ಲಿಕ್ಕಿತ್ತು. ನನ್ನ ಆಣೆ ಬಿಡಿಸ್ತೀರಾ?"

"ಯಾವ ಆಣೆ?"

"ನೀವು ಹಾಕಿಸಿದ್ದು. ಇವಳ ತಲೆ ಮೇಲೆ ಕೈ ಇಡಿಸಿ."

ರಾಯರಿಗೆ ಆಗ ನೆನಪಾಯಿತು. ಅಯ್ಯೋ, ಆಗಬಾರದಿತ್ತು, ಆದರೆ ಆಯಿತು. ರೂಪೇಶ್ ಗಿಣಿಯ ಹಾಗೆ ಆಣೆ ಹೇಳಿ ಮುಗಿಸಿದ್ದ. ತುಂಗಾ ಮಾತ್ರ ಕೈ ಚಾಚಲಿಲ್ಲ. ಮಂಗಳಾರತಿಗೆ ಹೊತ್ತಾಗುತ್ತಿತ್ತು, ಐವತ್ತು ಅರವತ್ತು ಜನ ಕಾಯುತ್ತಿದ್ದರು. ರಾಯರು ಅವಳ ಬಲಗೈಯನ್ನು ತಾವೇ ಹಿಡಿದೆತ್ತಿ ಮಗುವಿನ ತಲೆಯ ಮೇಲಿಟ್ಟು, "ಹೀಗೆ ಹೇಳು, ಗಟ್ಟಿಯಾಗ್ತದೆ," ಎಂದಿದ್ದರು. ಹೊಡೆದವನಿಗೆ ಎರಡು ಎಲೆ ತುಳಸಿ. ಹೊಡೆಸಿಕೊಂಡವಳಿಗೆ ಮಗುವಿನ ತಲೆ. ಇದು ಅವರು ಮಾಡಿದ ನ್ಯಾಯ.

ತುಂಗಾ ದೂರುವ ದನಿಯಲ್ಲಿ ಹೇಳಲಿಲ್ಲ. ವಿಳಾಸ ಹೇಳುವವರ ಹಾಗೆ ಹೇಳಿದಳು. "ಅಕ್ಕನಿಗೆ ಒಂದು ಸಲ ಫೋನಲ್ಲಿ ಅರ್ಧ ಹೇಳಿದ್ದೆ ಮಾವ. ಅದೇ ವಾರ ಇವಳಿಗೆ ಡೆಂಗ್ಯೂ ಬಂತು. ಮೂರು ದಿನ ಕಣ್ಣು ಬಿಡಲಿಲ್ಲ. ಅವತ್ತಿಂದ ನಾನು ಯಾರಿಗೂ ಹೇಳ್ಲಿಲ್ಲ. ನೀವು ಹೇಳಿದ ಹಾಗೇ ನಡ್ಕೊಂಡೆ."

"ಸೊಳ್ಳೆ ಕಚ್ಚಿ ಬಂದದ್ದು ಅಂತ ಹತ್ತು ಸಲ ಹೇಳಿದೆ," ಎಂದಳು ಪಕ್ಕದಲ್ಲಿ ನಿಂತಿದ್ದ ವೀಕ್ಷಾ.

"ನಿಂಗೆ ಮಕ್ಕಳಾಗ್ಲಿ, ಆಮೇಲೆ ಹೇಳು," ಎಂದಳು ತುಂಗಾ. ದಿಂಬಿನ ಕೆಳಗಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ರಾಯರ ಕಡೆ ಚಾಚಿದಳು. ಒಳಗೆ ಒಂದು ನಾಣ್ಯ, ಎರಡು ಅಡಿಕೆ. "ತಪ್ಪು ಕಾಣಿಕೆ ಮಾವ. ಬಿಡಿಸಿ ಅಂತ ಕೇಳೋದೂ ತಪ್ಪೇ ಅಲ್ವಾ."

ರಾಯರ ಕಿವಿ, ಕತ್ತು, ಮುಖ ಎಲ್ಲ ಉರಿಯಿತು. ಗಂಡ ಆಣೆ ಹಾಕಿ ಮುರಿದ, ಅವನಿಗೆ ಏನೂ ಆಗಲಿಲ್ಲ. ಹೆಂಡತಿ ಮುರಿಯಲಿಲ್ಲ, ಅವಳ ಮೂಳೆ ಮುರಿಯಿತು. ತಪ್ಪು ಕಾಣಿಕೆಯನ್ನೂ ಅವಳೇ ಇಡುತ್ತಿದ್ದಾಳೆ. ಆ ಗಂಟನ್ನು ತೆಗೆದುಕೊಳ್ಳಲಾಗದೆ ಅವಳ ಮಡಿಲಲ್ಲೇ ಬಿಟ್ಟು, "ಈಗ ಬಂದೆ," ಎಂದು ಎದ್ದು ಹೊರಗೆ ನಡೆದರು. ಓಡಿದರು ಎಂದರೂ ತಪ್ಪಿಲ್ಲ.

ವೆರಾಂಡಾದಲ್ಲಿ ರೂಪೇಶ್ ಎದುರಾದ. ನುಣ್ಣಗೆ ಗಡ್ಡ ಕೆರೆದು, ಹಣೆಗೆ ಗಂಧ ಹಚ್ಚಿಕೊಂಡು, ಕೈಯಲ್ಲಿ ಸಾರನ್ನದ ಕ್ಯಾರಿಯರ್ ಹಿಡಿದಿದ್ದ. ರಾಯರನ್ನು ಕಂಡವನೇ ಕ್ಯಾರಿಯರ್ ಕೆಳಗಿಟ್ಟು ಕಾಲು ಮುಟ್ಟಿದ.

"ಮಾವ, ನೀವು ಬಂದದ್ದು ಒಳ್ಳೇದಾಯ್ತು. ನಂದೂ ತಪ್ಪುಂಟು, ಇಲ್ಲ ಅನ್ನೋದಿಲ್ಲ. ಕೆಲಸದ ಟೆನ್ಶನ್. ಇವತ್ತು ಶನಿವಾರ ಅಲ್ವಾ? ಭಜನೆಗೆ ಮುಂಚೆ ಇನ್ನೊಂದು ಆಣೆ ಹಾಕಿಬಿಡ್ತೇನೆ. ಎಷ್ಟು ಹೊತ್ತಿನ ಕೆಲಸ? ಆಮೇಲೆ ಹಾಡ್ಲಿಕ್ಕೆ ಕೂತ್ಕೊಳ್ತೇನೆ."

ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತೇನೆ ಎಂದ ಹಾಗಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಹಾಕುತ್ತಿದ್ದ, ಎಷ್ಟು ಸಲ ಬೇಕಾದರೂ. ಇವನಿಗೆ ಆಣೆಯೆಂದರೆ ಕೈ ತೊಳೆದುಕೊಳ್ಳುವ ನಲ್ಲಿ, ಆ ನಲ್ಲಿ ಹಾಕಿಸಿಕೊಟ್ಟವನು ತಾನು ಎಂದು ರಾಯರಿಗೆ ಹೊಳೆಯಿತು. ಅವನನ್ನು ದಾಟಿ ಮೆಟ್ಟಿಲಿಳಿದರು.

ಮನೆಯಲ್ಲಿ ಹೆಂಡತಿ ಸೀತಾ ಊಟಕ್ಕೆ ಬಡಿಸಿದರು. ರಾಯರು ಅನ್ನ ಕಲಸಿಟ್ಟುಕೊಂಡು ಎಲ್ಲ ಹೇಳಿದರು. ಕೊನೆಗೆ, "ವೀಕ್ಷಾಳಿಗೆ ಫೋನ್ ಮಾಡ್ತೇನೆ. ನಾಲ್ಕು ಗಂಟೆಗೆ ತುಂಗಾಳನ್ನು ಸೀದಾ ಮಂದಿರಕ್ಕೆ ಕರ್ಕೊಂಡು ಬರ್ಲಿ. ಜನ ಸೇರುವ ಮೊದಲು ಬಿಡಿಸಿ ಮುಗಿಸ್ತೇನೆ," ಎಂದರು.

"ಹಾಕಿಸುವಾಗ ಎಷ್ಟು ಜನ ಇದ್ರು?" ಎಂದರು ಸೀತಾ.

"ಐವತ್ತು ಅರವತ್ತು ಇರಬಹುದು."

"ಮತ್ತೆ ಬಿಡಿಸುವಾಗ ಯಾಕೆ ಕಳ್ಳರ ಹಾಗೆ?"

ರಾಯರಿಗೆ ಸಿಟ್ಟು ಬಂತು. "ನಾನು ಕೆಟ್ಟದ್ದು ಬಯಸಿ ಮಾಡಿದ್ದಾ? ನಮ್ಮ ಅಮ್ಮ ಬಾಯಿ ಮುಚ್ಚಿಕೊಂಡು ಸಹಿಸಿದ್ದಕ್ಕೇ ನಮ್ಮ ಮನೆ ಉಳೀಲಿಲ್ವಾ?"

ಸೀತಾ ಸೌಟನ್ನು ಪಾತ್ರೆಯಲ್ಲಿಟ್ಟು ಎದುರು ಕೂತರು. "ನಿಮ್ಮ ಅಮ್ಮ ನನ್ನ ಹತ್ರ ಹೇಳಿದ್ರು. ಮನೆ ಉಳಿಸ್ಲಿಕ್ಕೆ ಅಲ್ಲ ಅವರು ಬಾಯಿ ಮುಚ್ಚಿದ್ದು. ಒಂದು ಸಲ ತವರಿಗೆ ಓಡಿ ಹೋಗಿದ್ರಂತೆ. ಅವರ ಅಪ್ಪ ಅವರನ್ನು ದೇವರ ಕೋಣೆಗೆ ಕರ್ಕೊಂಡು ಹೋಗಿ ಬುದ್ಧಿ ಹೇಳಿ ವಾಪಸ್ ಬಿಟ್ಟು ಬಂದ್ರಂತೆ. ಹೋಗ್ಲಿಕ್ಕೆ ಜಾಗ ಇರ್ಲಿಲ್ಲ, ಅಷ್ಟೆ. ನಿಮ್ಮ ಹತ್ರ ಯಾಕೆ ಹೇಳ್ಲಿಲ್ಲ ಅಂತ ಕೇಳಿದೆ. ಅವನಿಗೆ ಹೇಳಿದ್ರೆ ಅವನೂ ಅದನ್ನೇ ಹೇಳ್ತಾನೆ ಅಂದ್ರು."

ಕಲಸಿದ ಅನ್ನ ಹಾಗೇ ಉಳಿಯಿತು. ಸತ್ತು ಹದಿನಾರು ವರ್ಷವಾದ ಅಮ್ಮ ತನ್ನನ್ನು ಇಷ್ಟು ಸರಿಯಾಗಿ ತಿಳಿದಿದ್ದಳೇ ಎಂದು ರಾಯರು ಕೂತಲ್ಲೇ ಕುಗ್ಗಿದರು.

ಎದ್ದು ವೀಕ್ಷಾಳಿಗೆ ಫೋನ್ ಮಾಡಿ, ಜನ ಸೇರಿದ ಮೇಲೆಯೇ ತುಂಗಾಳನ್ನು ಕರೆತರಲು ಹೇಳಿದರು. ಆರು ಗಂಟೆಗೆ ಮಂದಿರ ತುಂಬಿತ್ತು. ರೂಪೇಶ್ ತನ್ನ ಆಣೆಗಾಗಿ ಒಂದು ಮೊಳ ಮಲ್ಲಿಗೆ ತಂದು ಪಟಕ್ಕೆ ಹಾಕಿಸಿ, ಹಾರ್ಮೋನಿಯಂ ಮುಂದೆ ಕೂತಿದ್ದ. ವೀಕ್ಷಾ ತುಂಗಾಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದಳು. ಪ್ಲಾಸ್ಟರ್ ಕಂಡು ಹೆಂಗಸರು ಜಾಗ ಬಿಟ್ಟರು. ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಅದೇ ರಾಯರಿಗೆ ಮೊದಲ ಪೆಟ್ಟು. ಎಲ್ಲರಿಗೂ ಗೊತ್ತಿತ್ತು.

ಭಜನೆ ಶುರುವಾಗುವ ಮುಂಚೆ ರಾಯರು ಎದ್ದು ನಿಂತು ತುಂಗಾಳನ್ನೂ ತೃಷಾಳನ್ನೂ ದೇವರೆದುರು ಕರೆದರು. ರೂಪೇಶನೂ ಏಳಹೊರಟ. "ನೀನು ಕೂತ್ಕೋ," ಎಂದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ನಾಣ್ಯ ಇಟ್ಟರು. ಅದು ಅವರ ಸ್ವಂತ ತಪ್ಪು ಕಾಣಿಕೆ.

"ಏಳು ವರ್ಷದ ಹಿಂದೆ ಇದೇ ಜಾಗದಲ್ಲಿ ಈ ಮಗಳ ಕೈಯನ್ನು ನಾನೇ ಹಿಡಿದು, ಮಗುವಿನ ತಲೆ ಮೇಲೆ ಇಡಿಸಿ, ಬಾಯಿ ಬಿಡೋದಿಲ್ಲ ಅಂತ ಆಣೆ ಹಾಕಿಸಿದೆ. ನೀವೆಲ್ಲ ನೋಡಿದ್ದೀರಿ. ಆ ಆಣೆಯನ್ನು ಬಿಡಿಸಿದ್ದೇನೆ. ತಪ್ಪು ಅವಳದ್ದಲ್ಲ, ನಂದು. ದೋಷ ಏನಿದ್ರೂ ನನ್ನ ತಲೆಗೆ ಬರ್ಲಿ. ಈ ಮಗುವಿಗೆ ತಟ್ಟೋದು ಬೇಡ."

ಹೀಗೆಂದು ತೃಷಾಳ ತಲೆಗೆ ತೀರ್ಥ ಚಿಮುಕಿಸಿದರು. ಉದ್ಧರಣೆಯ ನೀರೆಲ್ಲ ಸುರಿಯಿತು. "ಪೋದುಂ ತಾತಾ," ಸಾಕು ಎಂದಿತು ಮಗು, ಕಣ್ಣೊರೆಸಿಕೊಂಡು. ಯಾರೂ ನಗಲಿಲ್ಲ.

ಮಂಡಳಿಯ ಅಧ್ಯಕ್ಷ ಕಿಟ್ಟಣ್ಣ ಎದ್ದರು. "ಮುರಳೀಧರಣ್ಣ, ಇದನ್ನೆಲ್ಲ ಒಳಗೆ ಕೂತು ಮಾತಾಡುವ. ಮಂಡಳಿಯ ಮರ್ಯಾದೆ ಅಂತ ಒಂದುಂಟು."

"ಒಳಗೆ ಒಳಗೆ ಅಂತಲೇ ಇಷ್ಟಾದದ್ದು ಕಿಟ್ಟಣ್ಣ. ಮರ್ಯಾದೆ ಹೋಗೋದಾದ್ರೆ ನಂದು ಮೊದಲು ಹೋಗ್ಲಿ."

"ಮಾವ, ನಾನು ಆಣೆ ಹಾಕ್ತೇನೆ ಅಂದೆನಲ್ಲ," ಎಂದ ರೂಪೇಶ್. ದನಿಯಲ್ಲಿ ಜೇನಿರಲಿಲ್ಲ.

"ನಿನ್ನ ಆಣೆ ನಂಗೂ ಬೇಡ, ದೇವರಿಗೂ ಬೇಡ. ಹೇಳ್ಲಿಕ್ಕಿದ್ರೆ ನಾಳೆ ಠಾಣೆಯಲ್ಲಿ ಹೇಳು. ಈಗ ಆ ಪೆಟ್ಟಿಗೆ ಮುಚ್ಚಿ ಎದ್ದು ಹೋಗು." ಹಾರ್ಮೋನಿಯಂ ಮುಚ್ಚಿದ ಸದ್ದು ಎಲ್ಲರಿಗೂ ಕೇಳಿಸಿತು. ಸೀತಾ ಎದ್ದು ಬಂದು ತುಂಗಾಳ ಪಕ್ಕ ನಿಂತು, "ಇವರಿಬ್ಬರು ಇವತ್ತಿಂದ ನಮ್ಮ ಮನೆಯಲ್ಲಿರ್ತಾರೆ," ಎಂದರು. ಗಂಡನನ್ನು ಕೇಳಿ ಹೇಳಿದ್ದಲ್ಲ.

ರಾಯರು ಅಲ್ಲಿಗೆ ಕೂರಬಹುದಿತ್ತು. ಕೂರಲಿಲ್ಲ. "ಇನ್ನೂ ಇಪ್ಪತ್ತೆರಡು ಮನೆಯವರಿಗೆ ಹಾಕಿಸಿದ್ದೇನೆ. ಇಲ್ಲಿ ಇರುವವರು, ಇಲ್ಲದವರು, ಎಲ್ಲರ ಆಣೆಯನ್ನೂ ಬಿಡಿಸಿದ್ದೇನೆ. ಹೇಳ್ಲಿಕ್ಕೆ ಇರುವವರು ಹೇಳಿ. ಪಕ್ಕದ ಕೋಣೆಯಲ್ಲಿ ವೀಕ್ಷಾ ಇರ್ತಾಳೆ. ಪ್ರತಿ ಶನಿವಾರ ಇರ್ತಾಳೆ." ಇಷ್ಟು ಹೇಳಿ ಕಾದರು. ಒಬ್ಬಳಾದರೂ ಎದ್ದು, ಇಲ್ಲ ಮಾವ, ನಮ್ಮ ಮನೆ ನಿಮ್ಮಿಂದ ಚೆನ್ನಾಗಿದೆ ಎಂದಾಳೇನೋ ಎಂಬ ಆಸೆ ಇನ್ನೂ ಇತ್ತು ನೋಡಿ ಆ ಮುದುಕನಿಗೆ. ಹೆಂಗಸರು ನೆಲ ನೋಡಿದರು, ಗಂಡಸರು ಫ್ಯಾನು ನೋಡಿದರು.

ಅವತ್ತು ಹಾರ್ಮೋನಿಯಂ ಇಲ್ಲದೆ ಬರೀ ತಾಳದಲ್ಲಿ ಎರಡು ಭಜನೆ ಆಯಿತು. ರಾಯರು ಬಾಗಿಲ ಹತ್ತಿರ ಕೂತು ಅವಲಕ್ಕಿ ಹಂಚಿದರು. ಪ್ರಸಾದ ತೆಗೆದುಕೊಂಡ ಹೆಂಗಸರಲ್ಲಿ ಒಬ್ಬಳು ಮೆಟ್ಟಿಲ ಕಡೆ ಹೋಗದೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹೊರಗೆ ಬಂದ ಮೇಲೆ ಇನ್ನೊಬ್ಬಳು. ಆಮೇಲೆ, ವಾರ್ಷಿಕೋತ್ಸವದಲ್ಲಿ ರಾಯರಿಗೆ ಶಾಲು ಹೊದಿಸುವಾಗ ಆರತಿ ಎತ್ತಿದ್ದ ಹೆಂಗಸು. ಭೂಮಿ ಬಾಯಿ ಬಿಡಬಾರದೇ ಎನಿಸಿತು ರಾಯರಿಗೆ. ಅವಲಕ್ಕಿ ಹಂಚುತ್ತಲೇ ಇದ್ದರು, ಬೇರೆ ಏನು ಮಾಡಲೂ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮಹಿಳಾ ಠಾಣೆ. ತುಂಗಾ, ವೀಕ್ಷಾ, ರಾಯರು ಹೋದರು. ತೃಷಾ ಸೀತಾ ಅವರ ಹತ್ತಿರ ಉಳಿದಳು. ಎಸ್.ಐ. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕ ಹಾಕಿಕೊಂಡು ಕಾಗದ ಮುಂದೆ ಎಳೆದುಕೊಂಡರು. ರಾಯರು ಮರ್ಯಾದೆಗೆಂದು ಎದ್ದು, "ನಾನು ಹೊರಗೆ ಇರ್ತೇನೆ," ಎಂದರು. ಮರ್ಯಾದೆಯೋ ಹೆದರಿಕೆಯೋ ಅವರಿಗೇ ಗೊತ್ತು.

"ಬೇಡ ಮಾವ," ಎಂದಳು ತುಂಗಾ. "ಕೂತು ಕೇಳಿ."

ಕೂತರು. ಇಪ್ಪತ್ತಮೂರು ಹೆಂಗಸರಿಗೆ ಬಾಯಿ ಮುಚ್ಚು ಎಂದವರು ಬಾಯಿ ಮುಚ್ಚಿಕೊಂಡು ಒಂದೂವರೆ ಗಂಟೆ ಕೇಳಿದರು. ತುಂಗಾ ತಮಿಳಿನಲ್ಲಿ, ನಡುನಡುವೆ ಕನ್ನಡದಲ್ಲಿ, ತಿಂಗಳು ವಾರ ತಪ್ಪದೆ ಹೇಳಿದಳು. ಆಣೆಯಿಂದ ಒಂದೆರಡು ವರ್ಷವಾದರೂ ನೆಮ್ಮದಿ ಸಿಕ್ಕಿರಬೇಕು ಎಂದು ರಾಯರು ಎಣಿಸಿದ್ದರು. ಅವಳು ಶುರು ಮಾಡಿದ್ದೇ ಆ ದಿನದಿಂದ. ಮಂದಿರದ ಮೆಟ್ಟಿಲಿಳಿದು ಮನೆಗೆ ಹೋಗುವ ಆಟೋದಲ್ಲಿ, ಪ್ರಸಾದದ ಪೊಟ್ಟಣ ಅವಳ ಮಡಿಲಲ್ಲಿದ್ದಾಗ, ಐವತ್ತು ಜನರೆದುರು ತನ್ನ ಮಾನ ಕಳೆದೆಯಲ್ಲ ಎಂದು ರೂಪೇಶ್ ಅವಳ ಬೆರಳು ತಿರುಚಿದ್ದ. ಆಣೆಗೆ ಆಯುಸ್ಸು ಹತ್ತು ನಿಮಿಷ.

ಎಸ್.ಐ. ಪುಟ ತಿರುಗಿಸಿ, ಇದಕ್ಕೆ ಮುಂಚೆ ಯಾರ ಹತ್ತಿರವಾದರೂ ದೂರು ಕೊಟ್ಟಿದ್ದೀರಾ ಎಂದು ಕೇಳಿದರು.

"ಕೊಟ್ಟಿದ್ದೆ," ಎಂದಳು ತುಂಗಾ. "ಇವರ ಹತ್ರ."

ಎಸ್.ಐ. ಕನ್ನಡಕದ ಮೇಲಿಂದ ರಾಯರನ್ನು ನೋಡಿದರು. ಹೆಸರು, ವಯಸ್ಸು, ವಿಳಾಸ ಕೇಳಿ ಬರೆದುಕೊಂಡರು. ಆಮೇಲೆ, ಈ ಹೆಂಗಸು ಬಂದು ಹೇಳಿದಾಗ ನೀವು ಏನು ಮಾಡಿದಿರಿ ಎಂದು ಕೇಳಿದರು.

ಐವತ್ತು ವರ್ಷ ಆಡಿದ ತಮಿಳು ರಾಯರಿಗೆ ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. ಕನ್ನಡದಲ್ಲೇ ಹೇಳಿದರು.

"ಮನೆಗೆ ಕಳಿಸಿದೆ."

ವೀಕ್ಷಾ ಅದನ್ನು ತಮಿಳಿನಲ್ಲಿ ಹೇಳಿದಳು. ಎಸ್.ಐ. ಬರೆದುಕೊಂಡರು.